ಆಂಕರ್ ಯಾರ ಕಡೆ? ವಲಸೆ ಇಂಟರ್ವ್ಯೂಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬ್ರಿಟನ್ನಿನ ಟಿವಿ, ರೇಡಿಯೋದಲ್ಲಿ ಅಸೈಲಮ್ (ಬೇರೆ ದೇಶದಲ್ಲಿ ಆಶ್ರಯ ಕೇಳೋದು) ಮತ್ತು ವಲಸೆ ಬಗ್ಗೆ ನಡೆಯೋ ಇಂಟರ್ವ್ಯೂಗಳ ಮೇಲೆ ಬಂದ ಪ್ರಶ್ನೆಗಳೇ ಜಾಸ್ತಿ. ಅಲ್ಲಿರೋ ನಮ್ಮವರೂ ಬರೆದಿದ್ದಾರೆ, ಊರಲ್ಲೇ ಕೂತು ಯೂಟ್ಯೂಬಲ್ಲಿ ಆ ಕ್ಲಿಪ್‌ಗಳನ್ನ ನೋಡೋರೂ ಬರೆದಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ನಾನು ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ. ಬೆಳಿಗ್ಗೆ ಕಾರಲ್ಲಿ ಬಿಬಿಸಿ ರೇಡಿಯೋ ಕೇಳ್ತೀನಿ. ಫ್ರಾನ್ಸ್ ಕಡೆಯಿಂದ ದೋಣೀಲಿ ಸಮುದ್ರ ದಾಟಿ ಬರೋರ ವಿಷಯ ಬಂತು ಅಂದ್ರೆ ಮಿನಿಸ್ಟರ್‌ಗೆ ಒಂದು ವಾಕ್ಯ ಮುಗಿಸೋಕೂ ಬಿಡಲ್ಲ, ಅದೇ ಚಾರಿಟಿಯವರು ಬಂದ್ರೆ ಸಮಾಧಾನವಾಗಿ ಕೇಳಿಸ್ಕೊತಾರೆ. ಇದು ಎಡಪಂಥೀಯ ಬಯಸ್ (ಪಕ್ಷಪಾತ) ಅಲ್ದೆ ಇನ್ನೇನು? ಆದ್ರೆ ನನ್ನ ಪಕ್ಕದ ಸೀಟಿನ ಕಲೀಗ್ ಅದೇ ಪ್ರೋಗ್ರಾಂ ಕೇಳಿ ಬಿಬಿಸಿ ಸರ್ಕಾರದ ತುತ್ತೂರಿ ಅಂತಾನೆ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ಮೊದಲು ನಿಮ್ಮ ಕಲೀಗ್ ವಿಷಯ. ಒಂದೇ ಸುದ್ದಿ ನೋಡಿ ಎರಡು ಕಡೆಯವರಿಗೂ ಅದು ತಮ್ಮ ವಿರುದ್ಧವೇ ಇದೆ ಅನ್ಸೋದು ಹೊಸದೇನಲ್ಲ, ಇದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1982ರಲ್ಲಿ ಬೈರೂತ್‌ನ ಸಬ್ರಾ ಮತ್ತು ಶತೀಲಾದಲ್ಲಿ ಹತ್ಯಾಕಾಂಡ ಆಯ್ತಲ್ಲ, ಅದರ ಬಗ್ಗೆ ಅಮೆರಿಕದ ಟಿವಿಗಳಲ್ಲಿ ಬಂದ ಸುದ್ದಿ ತುಣುಕುಗಳನ್ನ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ವಲ್ಲೋನ್, ರಾಸ್ ಮತ್ತು ಲೆಪ್ಪರ್ ಅಂತ, ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದ್ರು. ತುಣುಕು ಒಂದೇ. ಆದ್ರೂ ಇವರು ಇದು ನಮ್ಮ ವಿರುದ್ಧ ಅಂದ್ರು, ಅವರೂ ಅದನ್ನೇ ಅಂದ್ರು. 1985ರಲ್ಲಿ ಆ ಅಧ್ಯಯನ ಪ್ರಕಟ ಆಯ್ತು. ಒಂದು ವಿಷಯದ ಬಗ್ಗೆ ನಮಗೆ ಎಷ್ಟು ಕಾಳಜಿ ಇರತ್ತೋ, ನಮ್ಮ ಕಡೆಯವರಿಗೆ ಆದ ಅನ್ಯಾಯ ಅಷ್ಟೂ ಚೆನ್ನಾಗಿ ನೆನಪಲ್ಲಿ ಉಳಿಯತ್ತೆ, ಎದುರು ಕಡೆಯವರಿಗೆ ಆಂಕರ್ ಕೇಳಿದ ಖಾರದ ಪ್ರಶ್ನೆ ನಮಗೆ ಸಹಜ ಅನ್ಸಿ ಮರೆತುಹೋಗತ್ತೆ.

ಹಾಗಂತ, ಎರಡೂ ಕಡೆಯವರು ಬೈತಿದಾರೆ ಅಂದ್ರೆ ನಾವು ಸರಿಯಾಗೇ ಇದೀವಿ ಅಂತ ಚಾನೆಲ್‌ನವರು ಆಗಾಗ ಹೇಳ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಒಂದು ಇಂಟರ್ವ್ಯೂ ಇಬ್ಬರಿಗೂ ಅನ್ಯಾಯ ಮಾಡಬಹುದು, ಮತ್ತೆ ವಲಸೆ ವಿಷಯದಲ್ಲಿ ಹಾಗೇ ಆಗ್ತಿದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮಧ್ಯೆ ಬಾಯಿ ಹಾಕೋದು. ಮಿನಿಸ್ಟರ್ ಕೈಯಲ್ಲಿ ಅಧಿಕಾರ ಇದೆ, ಪೊಲೀಸ್ ಇದೆ, ಬಜೆಟ್ ಇದೆ, ಜೊತೆಗೆ ಆಫೀಸಲ್ಲಿ ಬರೆದುಕೊಟ್ಟ ನಾಲ್ಕು ವಾಕ್ಯ ಇರತ್ತೆ, ಏನು ಕೇಳಿದ್ರೂ ಅದನ್ನೇ ತಿರುಗಿಸಿ ಹೇಳೋದು, ಆಗ ಆಂಕರ್ ತಡೀಲೇಬೇಕು, ತಡೀದಿದ್ರೆ ಅದು ಇಂಟರ್ವ್ಯೂ ಆಗಲ್ಲ, ಪ್ರಕಟಣೆ ಆಗತ್ತೆ. ಅಧಿಕಾರ ಇರೋರನ್ನ ಗಟ್ಟಿಯಾಗಿ ಕೇಳೋದು ಬಯಸ್ ಅಲ್ಲ. ಆದ್ರೆ ನಿಮ್ಮ ಎರಡನೇ ಮಾತು ಸರಿ ಇದೆ. ಚಾರಿಟಿಯವರು ಬಂದಾಗ ಅವರ ಮುಂದೆ ಕಷ್ಟದ ಪ್ರಶ್ನೆ ಇಡದೇ ಕಳಿಸೋದು ನಿಜವಾದ ದೋಷ. ಬರೋರಿಗೆ ಸುರಕ್ಷಿತ ದಾರಿ ಬೇಕು ಅಂತೀರ, ವರ್ಷಕ್ಕೆ ಎಷ್ಟು ಜನಕ್ಕೆ ಕೊಡ್ಬೇಕು, ಆ ಸಂಖ್ಯೆ ಮುಗಿದ ಮೇಲೂ ದೋಣಿ ಹತ್ತಿ ಬಂದವರನ್ನ ಏನು ಮಾಡ್ಬೇಕು ಅಂತ ಕೇಳಿದ್ರೆ ಅವರಿಗೇನು ಅವಮಾನ ಆಗಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಉತ್ತರವೂ ಗೊತ್ತಿರತ್ತೆ, ಕೇಳೋರೇ ಇರಲ್ಲ.

ಬಿಬಿಸಿ ಮೇಲೇ ನಡೆದ ಎರಡು ಪರಿಶೀಲನೆಗಳಿವೆ. 2013ರಲ್ಲಿ ಸ್ಟುವರ್ಟ್ ಪ್ರೆಬಲ್ ಅನ್ನೋರು ಆಗ ಬಿಬಿಸಿಯ ಮೇಲ್ವಿಚಾರಣೆ ಮಾಡ್ತಿದ್ದ ಬಿಬಿಸಿ ಟ್ರಸ್ಟ್‌ಗೆ ಕೊಟ್ಟ ವರದಿಯಲ್ಲಿ, ವಲಸೆ ಬಗ್ಗೆ ಜನರಲ್ಲಿದ್ದ ಆತಂಕ ಎಷ್ಟು ದೊಡ್ಡದು ಅನ್ನೋದನ್ನ ಬಿಬಿಸಿ ತಡವಾಗಿ ಗುರುತಿಸ್ತು ಅಂತ ಇತ್ತು, ಅಂದ್ರೆ ನಿಮ್ಮ ದೂರಿಗೆ ಹತ್ತಿರದ್ದು. 2024ರಲ್ಲಿ ಇನ್ನೊಂದು ಪರಿಶೀಲನೆ ಹೊರಬಂತು, ಆಕ್ಸ್‌ಫರ್ಡ್‌ನ ಮೈಗ್ರೇಶನ್ ಅಬ್ಸರ್ವೇಟರಿಯ ಮೆಡಲಿನ್ ಸಂಪ್ಶನ್ ಅದರಲ್ಲಿದ್ರು. ಒಂದೇ ಕಡೆಗೆ ವಾಲಿದ ಬಯಸ್ ಅಲ್ಲಿ ಕಾಣಲಿಲ್ಲ, ಆದ್ರೆ ವಲಸೆಯನ್ನ ಬರೀ ಪಾರ್ಲಿಮೆಂಟಿನ ಜಗಳವಾಗಿ, ಯಾವ ಪಕ್ಷಕ್ಕೆ ಲಾಭ ಯಾರಿಗೆ ನಷ್ಟ ಅನ್ನೋ ಇಕ್ಕಟ್ಟಾದ ಕಿಟಕಿಯಿಂದ ನೋಡೋದು ಜಾಸ್ತಿ ಅನ್ನೋ ಅರ್ಥದ ಮಾತು ಬಂತು. ಎಡ ಬಲ ಅಂತ ನಾವು ಕಿತ್ತಾಡೋದಕ್ಕಿಂತ ಈ ದೋಷ ನನಗೆ ದೊಡ್ಡದಾಗಿ ಕಾಣತ್ತೆ. ನಿಮ್ಮಿಬ್ಬರ ಸಿಟ್ಟಿಗೂ ಬೇರು ಅಲ್ಲೇ ಇರಬಹುದು, ಯಾಕಂದ್ರೆ ಪಕ್ಷಗಳ ಜಗಳ ಕೇಳ್ತಾ ಕೂತವರಿಗೆ ಯಾವುದಾದ್ರೂ ಒಂದು ಪಕ್ಷಕ್ಕೆ ಜಾಸ್ತಿ ಸಿಕ್ತು ಅಂತಾನೇ ಅನ್ಸೋದು.

ಪ್ರಶ್ನೆ: ಸರ್, ನಾ ಧಾರವಾಡದಾಗ ಜರ್ನಲಿಸಂ ಓದಾಕತ್ತೀನ್ರಿ. ಆಂಕರ್ ದನಿ ನೋಡಿ ಬಯಸ್ ಅಂತ ಹೇಳಬ್ಯಾಡ್ರಿ ಅಂತ ನಮ್ಮ ಮೇಡಂ ಹೇಳ್ತಾರ. ಹಂಗಾರ ಇಂಟರ್ವ್ಯೂದಾಗ ಏನ್ ನೋಡಿ ಹೇಳ್ಬೇಕ್ರಿ?

ಉತ್ತರ: ನಿಮ್ಮ ಮೇಡಂ ಸರಿಯಾಗೇ ಹೇಳಿದ್ದಾರೆ. ಮೊದಲನೇದು, ಪ್ರಶ್ನೆಯನ್ನ ಬರೆದಿಟ್ಕೊಳ್ಳಿ. ಕೇಳ್ತಾ ಇರುವಾಗ ಉತ್ತರದ ಮೇಲೇ ಗಮನ ಹೋಗತ್ತೆ, ಬರೆದ ಮೇಲೆ ಪ್ರಶ್ನೆಯ ಹೊಟ್ಟೇಲಿ ಏನಿದೆ ಅಂತ ಕಾಣತ್ತೆ. "ಇವರೆಲ್ಲ ಸರಿಯಾದ ದಾರೀಲಿ ಯಾಕೆ ಬರಲ್ಲ" ಅನ್ನೋ ಪ್ರಶ್ನೆ ತಗೊಳ್ಳಿ, ಎಷ್ಟೋ ಇಂಟರ್ವ್ಯೂಗಳಲ್ಲಿ ಬರತ್ತೆ. ಸರಿಯಾದ ದಾರಿ ಅಂತ ಒಂದಿದೆ, ಇವರು ಅದನ್ನ ಬಿಟ್ಟು ಬಂದಿದ್ದಾರೆ ಅನ್ನೋದನ್ನ ಪ್ರಶ್ನೆಯೇ ತೀರ್ಮಾನ ಮಾಡಿಬಿಟ್ಟಿದೆ. ನಿಜ ಏನಪ್ಪಾ ಅಂದ್ರೆ ಬ್ರಿಟನ್ನಿನ ಹೊರಗೆ ಕೂತು ಅಲ್ಲಿ ಆಶ್ರಯಕ್ಕೆ ಅರ್ಜಿ ಹಾಕೋಕೆ ಆಗಲ್ಲ, ಆ ನೆಲಕ್ಕೆ ಕಾಲಿಟ್ಟ ಮೇಲೇ ಹಾಕ್ಬೇಕು, ಅದಕ್ಕೆ ಅಂತ ವೀಸಾನೂ ಇಲ್ಲ. ಉಕ್ರೇನಿನವರಿಗೆ, ಹಾಂಗ್‌ಕಾಂಗ್‌ನವರಿಗೆ, ಅಫ್ಘಾನಿಸ್ತಾನದ ಕೆಲವರಿಗೆ ಬೇರೆ ಸ್ಕೀಮ್ ಮಾಡಿದ್ರು, ಉಕ್ರೇನಿಂದಲೇ ಎರಡು ಲಕ್ಷಕ್ಕೂ ಮೀರಿ ಜನ ಹಾಗೆ ಬಂದ್ರು. ಸುಡಾನಿನವನಿಗೋ ಎರಿಟ್ರಿಯಾದವನಿಗೋ ಅಂಥ ಸ್ಕೀಮ್ ಇರಲಿಲ್ಲ.

ಇದನ್ನ ಟಿವಿ ಆಂಕರ್‌ಗಿಂತ ಚೆನ್ನಾಗಿ ಕೇಳಿದ್ದು ಒಬ್ಬ ಎಂಪಿ, ಅದೂ ಆಗಿನ ಆಡಳಿತ ಪಕ್ಷದವರೇ. 2022ರ ನವೆಂಬರಲ್ಲಿ ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸಮಿತಿಯಲ್ಲಿ ಕನ್ಸರ್ವೇಟಿವ್ ಪಕ್ಷದ ಟಿಮ್ ಲೌಟನ್, ತಮ್ಮದೇ ಪಕ್ಷದ ಹೋಂ ಸೆಕ್ರೆಟರಿ (ಅಲ್ಲಿ ಗೃಹ ಸಚಿವರಿಗೆ ಹಾಗಂತಾರೆ) ಸುಯೆಲ್ಲಾ ಬ್ರಾವರ್‌ಮನ್‌ಗೆ ಕೇಳಿದ್ದು ಇಷ್ಟು: ಪೂರ್ವ ಆಫ್ರಿಕಾದ ಒಂದು ದೇಶದ 16 ವರ್ಷದ ಅನಾಥ ಹುಡುಗ, ಯುದ್ಧ ಮತ್ತೆ ಧಾರ್ಮಿಕ ಹಿಂಸೆಯಿಂದ ತಪ್ಪಿಸ್ಕೊಂಡಿದ್ದಾನೆ, ಒಡಹುಟ್ಟಿದವರು ಬ್ರಿಟನ್ನಲ್ಲಿ ಕಾನೂನುಬದ್ಧವಾಗಿ ಇದ್ದಾರೆ, ಅವನು ಇಲ್ಲಿಗೆ ಹೇಗೆ ಬರಬೇಕು? ಸಚಿವರು ತಡವರಿಸಿದ್ರು, ಪಕ್ಕದಲ್ಲಿ ಕೂತಿದ್ದ ಹಿರಿಯ ಅಧಿಕಾರಿ ಕಡೆ ತಿರುಗಿದ್ರು, ಕೊನೆಗೆ ಸಿಕ್ಕ ಉತ್ತರ ಬ್ರಿಟನ್ನಿಗೆ ಬಂದಮೇಲೆ ಅರ್ಜಿ ಹಾಕಬಹುದು ಅನ್ನೋದು, ಹೇಗೆ ಬರೋದು ಅನ್ನೋದಕ್ಕೆ ಉತ್ತರ ಇರಲಿಲ್ಲ. ಅಲ್ಲಿ ಕೂಗಾಟ ಇಲ್ಲ, ಕೊಂಕು ಇಲ್ಲ. ಒಬ್ಬ ಮನುಷ್ಯನನ್ನ ಕಣ್ಮುಂದೆ ನಿಲ್ಲಿಸಿ ಇವನು ಏನು ಮಾಡ್ಬೇಕು ಅಂತ ಕೇಳಿದ್ರೆ ಬರೆದುಕೊಟ್ಟ ವಾಕ್ಯ ಯಾವುದೂ ಕೆಲಸಕ್ಕೆ ಬರಲ್ಲ. ಆ ವಿಡಿಯೋ ಹುಡುಕಿ ನೋಡಿ, ಕ್ಲಾಸಲ್ಲೂ ತೋರಿಸೋಕೆ ಹೇಳಿ.

2024ರ ಏಪ್ರಿಲಲ್ಲೂ ಹೀಗೇ ಆಯ್ತು, ಬಿಬಿಸಿಯ ಕ್ವೆಶ್ಚನ್ ಟೈಮ್ ಅಂತ ಸಭಿಕರು ಪ್ರಶ್ನೆ ಕೇಳೋ ಕಾರ್ಯಕ್ರಮದಲ್ಲಿ. ಆಶ್ರಯ ಕೇಳಿ ಬಂದವರನ್ನ ರುವಾಂಡಾಗೆ ಕಳಿಸೋ ಯೋಜನೆ ಆಗ ಸರ್ಕಾರದ್ದಿತ್ತು. ಕಾಂಗೋದಿಂದ ಬಂದ ಒಬ್ಬ ಸಭಿಕರು, ನಮ್ಮ ಊರಿಗೂ ರುವಾಂಡಾಗೂ ಸಂಘರ್ಷ ಇದೆ, ನಮ್ಮವರು ಯಾರಾದ್ರೂ ಆಶ್ರಯ ಕೇಳಿ ಇಲ್ಲಿಗೆ ಬಂದ್ರೆ ಅವರನ್ನೂ ರುವಾಂಡಾಗೇ ಕಳಿಸ್ತೀರಾ ಅಂತ ಕೇಳಿದ್ರು. ಸಚಿವ ಕ್ರಿಸ್ ಫಿಲ್ಪ್ ಆ ಉತ್ತರದ ಮಧ್ಯೆ, ಕಾಂಗೋ ಮತ್ತೆ ರುವಾಂಡಾ ಬೇರೆ ಬೇರೆ ದೇಶ ಅಲ್ವಾ ಅಂತ ಕೇಳಿಬಿಟ್ರು. ಎಲ್ಲರೂ ಅದನ್ನೇ ಹಿಡ್ಕೊಂಡ್ರು, ದಿನಗಟ್ಟಲೆ ಆ ತುಣುಕು ಓಡ್ತು, ಆದ್ರೆ ಆ ಸಭಿಕರು ಕೇಳಿದ ಪ್ರಶ್ನೆ ಇತ್ತಲ್ಲ, ಅದು ಹಿಂದೆ ಬಿತ್ತು, ನನಗೆ ಬೇಜಾರಾಗಿದ್ದು ಅದಕ್ಕೆ.

ಎರಡನೇದು ಅಂಕಿ. 2022ರಲ್ಲಿ ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ (ಫ್ರಾನ್ಸ್ ಮತ್ತೆ ಬ್ರಿಟನ್ ನಡುವಿನ ಸಮುದ್ರ) ದಾಟಿ ಬಂದವರು ಸುಮಾರು 45,700. ಅದೇ ವರ್ಷ ಓದೋಕೆ, ಕೆಲಸಕ್ಕೆ, ಕುಟುಂಬದ ಜೊತೆ, ಹೀಗೆ ಎಲ್ಲಾ ದಾರೀಲಿ ಬ್ರಿಟನ್ನಿಗೆ ಬಂದು ನೆಲೆಸಿದವರು ಹತ್ತು ಲಕ್ಷ ಮೀರಿದ್ರು. ದೋಣಿಯವರು ನೂರಕ್ಕೆ ಐದೂ ಆಗಲ್ಲ. ವಲಸೆ ಜಾಸ್ತಿ ಆಯ್ತು ಅಂತ ಶುರುವಾದ ಪ್ರಶ್ನೆ ದೋಣಿ ನಿಲ್ಲಿಸ್ತೀರಾ ಅಂತ ಮುಗಿದ್ರೆ ಅಲ್ಲಿ ಎರಡು ವಿಷಯ ಕಲಸಿ ಹೋಗಿವೆ, ನೋಟ್ ಮಾಡ್ಕೊಳ್ಳಿ. ಇನ್ನೊಂದು ಕಡೆಯಿಂದಲೂ ನೋಡಿ, ಆಶ್ರಯ ಕೇಳಿದವರನ್ನ ಹೋಟೆಲಲ್ಲಿ ಇಡೋಕೆ 2023ರಲ್ಲಿ ದಿನಕ್ಕೆ ಸುಮಾರು 80 ಲಕ್ಷ ಪೌಂಡ್ ಖರ್ಚಾಗ್ತಿತ್ತು ಅಂತ ಸರ್ಕಾರವೇ ಹೇಳಿದೆ, ಇದು ಚಿಕ್ಕ ಮೊತ್ತ ಅಲ್ಲ, ಇದನ್ನ ಎತ್ತಿದವರನ್ನೆಲ್ಲ ದ್ವೇಷ ಹರಡ್ತಿದಾರೆ ಅಂತ ಬಾಯಿ ಮುಚ್ಚಿಸೋ ಆಂಕರ್ ಕೂಡ ತಪ್ಪೇ ಮಾಡ್ತಿರ್ತಾರೆ. ಆದ್ರೆ ಖರ್ಚು ಹೇಳಿ ನಿಲ್ಲಿಸಬಾರದು. ಅದೇ ವರ್ಷದ ಮಧ್ಯದಲ್ಲಿ ಮೊದಲ ತೀರ್ಮಾನಕ್ಕೇ ಕಾಯ್ತಾ ಇದ್ದವರು ಸುಮಾರು 1,75,000 ಜನ, ಕಾಯೋ ಹೊತ್ತಲ್ಲಿ ಅವರಿಗೆ ಕೆಲಸ ಮಾಡೋಕೂ ಬಿಡಲ್ಲ, ವರ್ಷ ಕಳೆದ ಮೇಲೆ ಕೆಲವೇ ಕೆಲವು ಕೆಲಸಕ್ಕೆ ಪರ್ಮಿಶನ್ ಕೇಳಬಹುದು ಅಷ್ಟೆ. ಫೈಲ್ ಮುಂದಕ್ಕೆ ಹೋಗದಿದ್ರೆ ಹೋಟೆಲ್ ಬಿಲ್ ಏರ್ತಾನೇ ಹೋಗತ್ತೆ. ಬಿಲ್ ಎಷ್ಟು ಅಂತ ಕೇಳಿದವರು ಫೈಲ್ ಯಾಕೆ ನಿಂತಿದೆ ಅಂತಾನೂ ಕೇಳಿದ್ರಾ, ನೋಡಿ.

ಮೂರನೇದು, ಯಾರನ್ನ ಕರೆದಿದ್ದಾರೆ. ಅದಕ್ಕೆ ಕೆಳಗೆ ಮೈಸೂರಿನ ಮೇಷ್ಟ್ರು ಕೇಳಿದ್ದಕ್ಕೆ ಕೊಟ್ಟ ಉತ್ತರ ಓದಿ.

ಪ್ರಶ್ನೆ: ನಾನು ಮಂಗಳೂರು ಕಡೆಯವಳು, ಲೆಸ್ಟರ್‌ನಲ್ಲಿ ಕೇರ್ ಹೋಮ್‌ನಲ್ಲಿ ಕೆಲಸ. ಟಿವಿಯಲ್ಲಿ ವಲಸೆ ಅಂತ ಇಂಟರ್ವ್ಯೂ ಬಂದಾಗ ಹಿಂದೆ ತೋರಿಸುವುದು ದೋಣಿ, ಹೇಳುವ ಸಂಖ್ಯೆಯಲ್ಲಿ ನಾವೂ ಇರ್ತೇವೆ. ನಮ್ಮ ವಿಷಯ ಯಾರೂ ಕೇಳುವುದಿಲ್ಲ. ಇದೂ ಬಯಸ್ ಅಲ್ಲವಾ ಸರ್?

ಉತ್ತರ: ಹೌದು ಮೇಡಂ, ಇದೂ ಬಯಸ್ಸೇ, ನನ್ನ ಪ್ರಕಾರ ಕೂಗಾಡೋ ಬಯಸ್‌ಗಿಂತ ಇದರಿಂದ ಆಗೋ ಹಾನಿ ಜಾಸ್ತಿ. ಬಂದವರಲ್ಲಿ ಹೋದವರನ್ನ ಕಳೆದು ಬರೋ ನೆಟ್ ಮೈಗ್ರೇಶನ್ ಲೆಕ್ಕದಲ್ಲಿ ನಿಮ್ಮಂಥ ಕೇರ್ ವರ್ಕರ್, ನರ್ಸ್, ಬೆಂಗಳೂರಿಂದ ಹೋದ ಸಾಫ್ಟ್‌ವೇರ್‌ನವರು, ಮಾಸ್ಟರ್ಸ್ ಓದೋ ಹುಡುಗ ಹುಡುಗೀರು ಎಲ್ಲರೂ ಇದ್ದಾರೆ, ಕಳೆದ ಕೆಲವು ವರ್ಷ ಯುರೋಪ್ ಆಚೆಯಿಂದ ಹೋದವರಲ್ಲಿ ಭಾರತದವರದ್ದೇ ದೊಡ್ಡ ಪಾಲು. ಆ ಸಂಖ್ಯೆಯನ್ನ ಸ್ಕ್ರೀನ್ ಮೇಲೆ ಹಾಕಿ ಹಿಂದೆ ರಬ್ಬರ್ ದೋಣಿ ಓಡಿಸಿದ್ರೆ ನೋಡೋರಿಗೆ ಲಕ್ಷಾಂತರ ಜನ ದೋಣೀಲೇ ಬರ್ತಿದಾರೆ ಅನ್ಸತ್ತೆ, ಯಾರೂ ಒಂದು ಸುಳ್ಳು ಮಾತೂ ಹೇಳಿರಲ್ಲ.

ನಿಮ್ಮ ಬದುಕನ್ನ ನಿಜವಾಗಿ ತಟ್ಟಿದ ತೀರ್ಮಾನಗಳು ಎಷ್ಟು ಇಂಟರ್ವ್ಯೂಗಳಲ್ಲಿ ಬಂದ್ವು? 2024ರ ಮಾರ್ಚಿಂದ ಹೊಸದಾಗಿ ಬಂದ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನ ಕರ್ಕೊಂಡು ಬರೋ ಹಾಗಿರಲಿಲ್ಲ. ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯವಾಗಿ ಬೇಕಾದ ಸಂಬಳ 26,200 ಪೌಂಡ್ ಇದ್ದದ್ದು 2024ರ ಏಪ್ರಿಲಲ್ಲಿ 38,700 ಆಯ್ತು, 2025ರ ಜುಲೈನಲ್ಲಿ 41,700. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಅನ್ನೋ ಪ್ರಸ್ತಾಪ ಬಂತು. ಆವತ್ತು ಪ್ರಧಾನಿ ಸ್ಟಾರ್ಮರ್ ಮಾಡಿದ ಭಾಷಣದಲ್ಲಿ ನಾವೆಲ್ಲ ಅಪರಿಚಿತರ ದ್ವೀಪ ಆಗಿಬಿಡೋ ಅಪಾಯ ಇದೆ ಅನ್ನೋ ಮಾತಿತ್ತು, ಚರ್ಚೆ ಪೂರ್ತಿ ಆ ಮಾತಿನ ಸುತ್ತಾನೇ ಸುತ್ತಿತು, ಮುಂದಿನ ತಿಂಗಳು ಅವರೇ ಅದಕ್ಕೆ ವಿಷಾದ ಅಂದ್ರು. ಹತ್ತು ವರ್ಷದ ಲೆಕ್ಕ ಮಾತ್ರ ಕೇರ್ ಹೋಮ್‌ನಲ್ಲಿ ರಾತ್ರಿ ಶಿಫ್ಟ್ ಮಾಡೋರ ತಲೇಲಿ ಉಳೀತು. ನಿಮ್ಮ ಊರಿನ ಲೋಕಲ್ ರೇಡಿಯೋಗೆ ಬರೀರಿ ಮೇಡಂ, ಅವರು ಮಾತಾಡೋಕೆ ಜನ ಹುಡುಕ್ತಾನೇ ಇರ್ತಾರೆ.

ಪ್ರಶ್ನೆ: ನಿವೃತ್ತ ಶಿಕ್ಷಕ, ಮೈಸೂರು. ಈ ವಿಷಯದ ಮೇಲೆ ಬಂದ ಚರ್ಚೆಗಳನ್ನು ಯೂಟ್ಯೂಬಿನಲ್ಲಿ ಸಾಕಷ್ಟು ನೋಡಿದ್ದೇನೆ. ಮಂತ್ರಿ, ವಕೀಲ, ಪತ್ರಕರ್ತ ಎಲ್ಲರೂ ಬರುತ್ತಾರೆ. ಆಶ್ರಯ ಕೇಳಿ ಬಂದವನೇ ಕುರ್ಚಿಯಲ್ಲಿ ಕೂತಿದ್ದು ನೋಡಿಲ್ಲ. ಯಾಕೆ?

ಉತ್ತರ: ಮೇಷ್ಟ್ರೇ, ಈ ಸಲದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಪರೂಪಕ್ಕೆ ಬರ್ತಾರೆ, ಮುಖ ಮಬ್ಬು ಮಾಡಿ, ಹೆಸರು ಬದಲಿಸಿ, ಅದೂ ರೆಕಾರ್ಡ್ ಮಾಡಿದ ವರದಿಯಲ್ಲಿ. ಲೈವ್ ಇಂಟರ್ವ್ಯೂನಲ್ಲಿ ಮಿನಿಸ್ಟರ್ ಎದುರು ಸಮನಾಗಿ ಕೂರೋದು ಇಲ್ಲವೇ ಇಲ್ಲ ಅನ್ನಬಹುದು. ಕಾರಣಗಳು ಕೆಲವು ನ್ಯಾಯವಾದವೇ. ಅವರ ಅರ್ಜಿ ಇನ್ನೂ ನಡೀತಿರತ್ತೆ, ಹೋಂ ಆಫೀಸ್ (ಅಲ್ಲಿನ ಗೃಹ ಇಲಾಖೆ) ಅರ್ಜಿದಾರ ನಂಬಿಕಸ್ಥನೋ ಅಲ್ವೋ ಅಂತ ನೋಡೋದು ಅವನು ಬೇರೆ ಬೇರೆ ಹೊತ್ತಲ್ಲಿ ಹೇಳಿದ ಮಾತು ತಾಳೆ ಆಗತ್ತಾ ಅಂತ, ಟಿವೀಲಿ ಗಾಬರೀಲಿ ಒಂದು ತಾರೀಕು ತಪ್ಪಿ ಹೇಳಿದ್ರೂ ಅದು ಮುಂದೆ ಕುತ್ತಿಗೆಗೆ ಬರಬಹುದು, ಹಾಗಾಗಿ ವಕೀಲರೇ ಬೇಡ ಅಂತಾರೆ. ಊರಲ್ಲಿ ಉಳಿದ ಅಪ್ಪ ಅಮ್ಮಂಗೆ ಏನಾಗತ್ತೋ ಅನ್ನೋ ಭಯ ಬೇರೆ. ದುಭಾಷಿ ಬೇಕು, ನಾಲ್ಕು ನಿಮಿಷದ ಸ್ಲಾಟಲ್ಲಿ ಅದಕ್ಕೆ ಜಾಗ ಇರಲ್ಲ.

ಆದ್ರೆ ಎಲ್ಲವೂ ಅವರ ಒಳ್ಳೇದಕ್ಕೇ ಅಂತ ಒಪ್ಪೋಕಾಗಲ್ಲ. 2022ರ ಅಕ್ಟೋಬರ್ ಕೊನೇಲಿ ದೋಣೀಲಿ ಬಂದವರನ್ನ ಮೊದಲು ಇಟ್ಟು ವಿಚಾರಿಸೋ ಕೆಂಟ್ ಜಿಲ್ಲೆಯ ಮ್ಯಾನ್‌ಸ್ಟನ್ ಕೇಂದ್ರದಲ್ಲಿ, ಸಾವಿರ ಚಿಲ್ಲರೆ ಜನಕ್ಕೆ ಅಂತ ಮಾಡಿದ ಜಾಗದಲ್ಲಿ, ಸುಮಾರು ನಾಲ್ಕು ಸಾವಿರ ಜನರನ್ನ ಇಟ್ಟಿದ್ರು. ಪತ್ರಕರ್ತರಿಗೆ ಒಳಗೆ ಮಾತಾಡಿಸೋಕೆ ಅವಕಾಶ ಇರಲಿಲ್ಲ. ಆಗ ಒಂದು ಪುಟ್ಟ ಹುಡುಗಿ ಬಾಟಲಿಯೊಳಗೆ ಪತ್ರ ಇಟ್ಟು ಬೇಲಿಯಿಂದ ಆಚೆ ಇದ್ದ ಪತ್ರಕರ್ತರ ಕಡೆ ಎಸೆದ್ಲು, ಅದರಲ್ಲಿ ಒಳಗಿನ ಸ್ಥಿತಿ ಬರೆದಿತ್ತು, ಸಹಾಯ ಕೇಳಿತ್ತು. ಅದೇ ವಾರ ಸ್ಟುಡಿಯೋಗಳಲ್ಲಿ ಆ ಕೇಂದ್ರದ ಬಗ್ಗೆ ಗಂಟೆಗಟ್ಟಲೆ ಮಾತು ನಡೀತು. ಒಳಗಿದ್ದವರ ಮಾತು ಹೊರಗೆ ಬರಬೇಕಾದ್ರೆ ಮಗು ಬಾಟಲಿ ಎಸೀಬೇಕಾಯ್ತು.

2020ರ ಆಗಸ್ಟಲ್ಲಿ ನಡೆದದ್ದು ಇನ್ನೂ ನೋವಿನದು. ಬಿಬಿಸಿ ಮತ್ತೆ ಸ್ಕೈ ನ್ಯೂಸ್ ಎರಡೂ ತಮ್ಮ ಬೋಟಲ್ಲಿ ಕಾಲುವೆಗೆ ಹೋಗಿ, ಜನ ತುಂಬಿದ ಡಿಂಗಿ ಪಕ್ಕ ನಿಂತು ಬೆಳಗಿನ ಕಾರ್ಯಕ್ರಮದಲ್ಲಿ ತೋರಿಸಿದ್ವು. ದೋಣಿಯೊಳಗೆ ನೀರು ಬಂದು ಅವರು ಪ್ಲಾಸ್ಟಿಕ್ ಡಬ್ಬದಲ್ಲಿ ಎತ್ತಿ ಹೊರಗೆ ಚೆಲ್ತಿದ್ರು, ವರದಿಗಾರರು ಈ ಕಡೆಯಿಂದ ಎಲ್ಲಿಂದ ಬಂದ್ರಿ ಅಂತ ಕೂಗಿ ಕೇಳ್ತಿದ್ರು. ಜನ ತುಂಬ ಬೈದ್ರು, ಇದು ಜನರಿಗೆ ತಿಳೀಬೇಕಾದ ವಿಷಯ ಅಂತ ಚಾನೆಲ್‌ನವರು ಸಮರ್ಥನೆ ಕೊಟ್ರು. ದೃಶ್ಯ ತೋರಿಸಿದ್ದೇ ತಪ್ಪು ಅಂತ ನಾನು ಹೇಳಲ್ಲ, ಸಮುದ್ರದಲ್ಲಿ ಏನಾಗ್ತಿದೆ ಅಂತ ಜಗತ್ತು ನೋಡ್ಬೇಕು. ಆದ್ರೆ ಜೀವ ಉಳಿಸ್ಕೊಳ್ಳೋಕೆ ಒದ್ದಾಡ್ತಿರೋ ಮನುಷ್ಯನಿಗೆ ಕೇಳೋ ಪ್ರಶ್ನೆ ಅದಲ್ಲ. ಅವನು ದಡ ಸೇರಿ, ಒಂದು ವಾರ ಮಲಗಿ ಎದ್ದು, ತನ್ನ ಭಾಷೇಲಿ ಮಾತಾಡೋ ಹಾಗಾದಾಗ ಹೋಗಿ ಕೇಳಿ ಅಂತೀನಿ ನಾನು, ಆಗ ಕ್ಯಾಮೆರಾ ಅಲ್ಲಿರಲ್ಲ. ಆಶ್ರಯ ಸಿಕ್ಕು ಕೆಲಸ ಮಾಡ್ತಾ ಇರೋರು ಆ ದೇಶದಲ್ಲಿ ಸಾವಿರಾರು ಜನ ಇದ್ದಾರೆ, ಅವರ ಅರ್ಜಿ ಮುಗಿದಿದೆ, ಭಯ ಕಮ್ಮಿ, ಇಂಗ್ಲಿಷ್ ಬರತ್ತೆ. ಅವರನ್ನ ಕರೆದು ಕೂರಿಸೋಕೆ ಏನು ಅಡ್ಡಿ? ಕರೆದು ಅವರಿಗೂ ಕಷ್ಟದ ಪ್ರಶ್ನೆಯನ್ನೇ ಕೇಳಲಿ, ಫ್ರಾನ್ಸಲ್ಲೇ ಯಾಕೆ ಉಳೀಲಿಲ್ಲ ಅಂತ ಕೇಳಲಿ. ಆ ಪ್ರಶ್ನೆಗೆ ಮಂತ್ರಿ, ವಕೀಲ, ಪತ್ರಕರ್ತ ಎಲ್ಲರೂ ಉತ್ತರ ಕೊಟ್ಟಿದ್ದಾರೆ, ಫ್ರಾನ್ಸಿಂದ ಹೊರಟು ಬಂದವನೊಬ್ಬನನ್ನ ಬಿಟ್ಟು.

ಪ್ರಶ್ನೆ: ಬೆಂಗಳೂರಿಂದ. ಅಮೆರಿಕದ ಉಪಾಧ್ಯಕ್ಷ ವಾನ್ಸ್ ಅವರು ಸಿಬಿಎಸ್ ಟಿವಿ ಆಂಕರ್‌ಗೆ "ನನಗದು ಬೇಕಿಲ್ಲ ಮಾರ್ಗರೆಟ್" ಅಂತ ಹೇಳಿದ ಕ್ಲಿಪ್ ನೋಡಿದೆ. ಆಂಕರ್ ಬಯಸ್ಡಾ, ವಾನ್ಸ್ ಉತ್ತರ ಸರಿಯಾ?

ಉತ್ತರ: 2025ರ ಜನವರಿ 26ರ ಇಂಟರ್ವ್ಯೂ ಅದು. ನಿರಾಶ್ರಿತರನ್ನ ಸರಿಯಾಗಿ ಪರಿಶೀಲನೆ ಮಾಡಿಯೇ ಬಿಡ್ತಾರಲ್ಲ ಅಂತ ಮಾರ್ಗರೆಟ್ ಬ್ರೆನನ್ ಕೇಳ್ತಿದ್ರು. ವಾನ್ಸ್ ಅದಕ್ಕೆ ಒಕ್ಲಹೋಮಾದಲ್ಲಿ ದಾಳಿಗೆ ಸಂಚು ಮಾಡಿದ ಆರೋಪ ಹೊತ್ತ ಅಫ್ಘಾನ್ ವ್ಯಕ್ತಿಯ ಉದಾಹರಣೆ ಕೊಟ್ರು. ಅವನು ಬರೋ ಮೊದಲೇ ಉಗ್ರವಾದಿ ಆಗಿದ್ನೋ ಇಲ್ಲಿಗೆ ಬಂದ ಮೇಲೋ ಸ್ಪಷ್ಟ ಇಲ್ಲ ಅಂತ ಬ್ರೆನನ್ ಅಂದ್ರು, ಆಗ ಬಂದಿದ್ದು ಆ ಮಾತು. ನನಗೆ ಬ್ರೆನನ್ ಆ ಹೊತ್ತಲ್ಲಿ ದುರ್ಬಲವಾದ ಪಾಯಿಂಟ್ ಹಿಡ್ಕೊಂಡ್ರು ಅನ್ಸತ್ತೆ. ಆ ವ್ಯಕ್ತಿ ಬಂದಿದ್ದು 2021ರಲ್ಲಿ, ಕಾಬೂಲ್ ಬಿದ್ದ ಗಡಿಬಿಡೀಲಿ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಕ್ಕೂ ಮೀರಿ ಪರಿಶೀಲನೆ ನಡೆಸೋ ರೆಫ್ಯೂಜಿ ಪ್ರೋಗ್ರಾಂ ಬೇರೆ ದಾರಿ. ಇದು ಅದರ ಉದಾಹರಣೆ ಹೌದಾ ಅಂತ ಕೇಳಬೇಕಿತ್ತು. ಅದನ್ನ ಕೇಳಿದ್ರೆ ವಾನ್ಸ್‌ಗೂ ಉತ್ತರ ಕೊಡಲೇಬೇಕಾಗ್ತಿತ್ತು, ನೋಡೋರಿಗೂ ವ್ಯವಸ್ಥೆ ಹೇಗಿದೆ ಅಂತ ತಿಳೀತಿತ್ತು. ಇದು ಬಯಸ್‌ಗಿಂತ ತಯಾರಿ ಸಾಲದೇ ಹೋದದ್ದು. ಇನ್ನು ವಾನ್ಸ್, ತಮ್ಮ ಅಭಿಪ್ರಾಯ ಹೇಳೋ ಹಕ್ಕು ಅವರಿಗಿದೆ, ಆದ್ರೆ ಒಬ್ಬನ ಆರೋಪವನ್ನ ಬೇರೆ ದಾರೀಲಿ ಬಂದ ಸಾವಿರಾರು ಜನರ ಮೇಲೆ ಹೊರಿಸಿದ್ದು ನ್ಯಾಯ ಅಲ್ಲ.

ಪ್ರಶ್ನೆ: ಲಂಡನ್. ಆಂಕರ್‌ಗಳು ತಮ್ಮ ಸ್ವಂತ ಅಭಿಪ್ರಾಯ ಹೇಳಬಹುದಾ? ಗ್ಯಾರಿ ಲಿನೆಕರ್‌ಗೆ ಒಂದು ನ್ಯಾಯ, ಜಿಬಿ ನ್ಯೂಸ್‌ಗೆ ಒಂದು ನ್ಯಾಯ ಅನ್ಸತ್ತೆ.

ಉತ್ತರ: ಲಿನೆಕರ್ ಆಗ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ ನಡೆಸ್ತಿದ್ದವರು, ಅಸೈಲಮ್ ಬಗ್ಗೆ ಯಾರನ್ನೂ ಇಂಟರ್ವ್ಯೂ ಮಾಡ್ತಿರಲಿಲ್ಲ. 2023ರ ಮಾರ್ಚಲ್ಲಿ ಸರ್ಕಾರದ ಭಾಷೆಯನ್ನ 30ರ ದಶಕದ ಜರ್ಮನಿಗೆ ಹೋಲಿಸಿ ಟ್ವೀಟ್ ಮಾಡಿದ್ರು, ಬಿಬಿಸಿ ಅವರನ್ನ ಕೆಳಗಿಳಿಸ್ತು, ಜೊತೆಯವರೂ ಹೊರನಡೆದು ಆ ಶನಿವಾರ ಮ್ಯಾಚ್ ಆಫ್ ದ ಡೇ ಕಾಮೆಂಟರಿ ಇಲ್ಲದೇ 20 ನಿಮಿಷಕ್ಕೆ ಮುಗೀತು, ಕೆಲವೇ ದಿನದಲ್ಲಿ ಅವರು ವಾಪಸ್ ಬಂದ್ರು. ಆ ಹೋಲಿಕೆ ನನಗೂ ಹಿಡಿಸಲಿಲ್ಲ, ಆದ್ರೆ ಅದನ್ನ ಸುದ್ದಿ ವಿಭಾಗದ ನಿಷ್ಪಕ್ಷಪಾತದ ಪ್ರಶ್ನೆ ಮಾಡಿದ್ದು ಅತಿಯಾಯ್ತು.

ನನಗೆ ಚಿಂತೆ ಆಗೋದು ಇನ್ನೊಂದು ವಿಷಯ. 2023ರ ಸೆಪ್ಟೆಂಬರಲ್ಲಿ ಜಿಬಿ ನ್ಯೂಸ್ ಅನ್ನೋ ಬ್ರಿಟನ್ನಿನ ಸುದ್ದಿ ಚಾನೆಲಲ್ಲಿ ಹೋಂ ಸೆಕ್ರೆಟರಿ ಬ್ರಾವರ್‌ಮನ್‌ರನ್ನ ಇಂಟರ್ವ್ಯೂ ಮಾಡಿದ್ದು ಆಗ ಅದೇ ಪಕ್ಷದ ಡೆಪ್ಯುಟಿ ಚೇರ್ಮನ್ ಆಗಿದ್ದ ಲೀ ಆಂಡರ್ಸನ್. ಒಂದೇ ಪಕ್ಷದ ಇಬ್ಬರು ಎದುರು ಬದುರು ಕೂತು, ಒಬ್ಬರು ಪ್ರಶ್ನೆ ಇನ್ನೊಬ್ಬರು ಉತ್ತರ. ಸುದ್ದಿ ಕಾರ್ಯಕ್ರಮಗಳಲ್ಲಿ ವಿಶೇಷ ಕಾರಣ ಇಲ್ಲದೇ ರಾಜಕಾರಣಿಗಳು ಇಂಟರ್ವ್ಯೂ ಮಾಡಬಾರದು ಅಂತ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ನಿಯಮ ಇತ್ತು, ಚರ್ಚೆಯ ಕಾರ್ಯಕ್ರಮಗಳಿಗೆ ಬಿಗಿ ಕಮ್ಮಿ. ಯಾವುದು ಸುದ್ದಿ ಯಾವುದು ಚರ್ಚೆ ಅನ್ನೋ ಗೆರೆ ಮೇಲೇ ಜಗಳ. 2024ರ ಮಾರ್ಚಲ್ಲಿ ಆ ಚಾನೆಲ್‌ನ ಐದು ಕಾರ್ಯಕ್ರಮ ನಿಯಮ ಮುರಿದಿವೆ ಅಂತ ಆಫ್‌ಕಾಮ್ ಹೇಳ್ತು, ಚಾನೆಲ್ ಕೋರ್ಟಿಗೆ ಹೋಯ್ತು, 2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಚಾನೆಲ್ ಪರ ತೀರ್ಪು ಕೊಡ್ತು. ಕಾನೂನು ಏನೇ ಹೇಳಲಿ, ಎಂಪಿ ತನ್ನ ಪಕ್ಷದ ಮಂತ್ರಿಗೆ ಪ್ರಶ್ನೆ ಕೇಳೋ ಕಾರ್ಯಕ್ರಮವನ್ನ ನಾನು ಇಂಟರ್ವ್ಯೂ ಅಂತ ಕರೆಯಲ್ಲ, ಯಾವ ಪಕ್ಷ ಆದ್ರೂ ಸರಿ.

ಪ್ರಶ್ನೆ: ನಿಜಕ್ಕೂ ಅನ್ಯಾಯ ಅನ್ಸಿದ್ರೆ ದೂರು ಕೊಡೋದು ಹೇಗೆ? ಏನಾದ್ರೂ ಉಪಯೋಗ ಇದೆಯಾ? ಮ್ಯಾಂಚೆಸ್ಟರ್‌ನಿಂದ.

ಉತ್ತರ: ಬಿಬಿಸಿ ಆದ್ರೆ ಮೊದಲು ಬಿಬಿಸಿಗೇ ಕೊಡ್ಬೇಕು, ಪ್ರಸಾರ ಆಗಿ 30 ಕೆಲಸದ ದಿನಗಳ ಒಳಗೆ. ಅಲ್ಲಿ ತೃಪ್ತಿ ಆಗದಿದ್ರೆ ಒಳಗೇ ಮೇಲಿನ ಹಂತದ ಎಕ್ಸಿಕ್ಯುಟಿವ್ ಕಂಪ್ಲೇಂಟ್ಸ್ ಯೂನಿಟ್ ಇದೆ, ಅದಾದ ಮೇಲೇ ಆಫ್‌ಕಾಮ್. ಬೇರೆ ಚಾನೆಲ್‌ಗಳಾದ್ರೆ ನೇರ ಆಫ್‌ಕಾಮ್‌ಗೆ, 20 ಕೆಲಸದ ದಿನಗಳ ಒಳಗೆ. ಉಪಯೋಗ ಇದೆ, ಆದ್ರೆ ಬಯಸ್ ಇದೆ ಅಂತ ಒಂದು ಸಾಲು ಬರೆದ್ರೆ ಮಾಮೂಲಿ ಉತ್ತರ ಬರತ್ತೆ. ಕಾರ್ಯಕ್ರಮದ ಹೆಸರು, ತಾರೀಕು, ಎಷ್ಟನೇ ನಿಮಿಷ, ಆಂಕರ್ ಹೇಳಿದ ವಾಕ್ಯ ಇದ್ದಂಗೆ, ಅದರಲ್ಲಿ ತಪ್ಪು ಏನು, ಸರಿಯಾದ ಅಂಕಿ ಸರ್ಕಾರದ ಯಾವ ಪ್ರಕಟಣೆಯಲ್ಲಿದೆ, ಇಷ್ಟು ಹಾಕಿ. ನಿಷ್ಪಕ್ಷಪಾತದ ಬಗ್ಗೆ ವಾದ ಮಾಡಿ ಗೆಲ್ಲೋದು ಕಷ್ಟ, ತಪ್ಪು ಅಂಕಿ ತೋರಿಸಿ ತಿದ್ದುಪಡಿ ಮಾಡ್ಸೋದು ಅದಕ್ಕಿಂತ ಸುಲಭ, ಮೊದಲು ಅದನ್ನೇ ಹಿಡ್ಕೊಳ್ಳಿ. ಬಂದ ಉತ್ತರದ ಪ್ರತಿಯನ್ನ ನಮಗೂ ಕಳಿಸಿ.